ಬೋಗಾದಿ ಬೀದಿಯಲ್ಲಿ ಭಾವನ ದೋಣಿ

ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಮೋಟಾರ್ ದೋಣಿ ತಗೊಂಡಿದ್ದಾರೆ ಕಣ್ರೀ. ಇವತ್ತು ಬೋಗಾದಿ ಮನೆಯಿಂದ ಹಿನ್ನೀರಿಗೆ ಸಾಗಿಸೋ ಮುಂಚೆ ಭರ್ಜರಿ ಪೂಜೆ. ಆಮೇಲೆ ಎಂಜಿನ್ ಬಿಸಿಯಾಗದಿರಲಿ ಅಂತ ಕೆಳಗೆ ನೀರಿನ ಡ್ರಮ್ ಇಟ್ಟು ಸ್ಟಾರ್ಟ್ ಮಾಡಿದರೆ, ಐದೇ ನಿಮಿಷ ಓಡಿ ನಿಂತುಹೋಯ್ತು. ಮತ್ತೆ ಮತ್ತೆ ಅದೇ ಕಥೆ.

"ಮಾರಿದವನು ಟೋಪಿ ಹಾಕ್ಬುಟ್ಟ!" ಅಂತ ಭಾವ ಫೋನಿನಲ್ಲೇ ಅವನ ಜನ್ಮ ಜಾಲಾಡಿದರು. ಪೆಟ್ರೋಲ್ ಬದಲಾಯಿಸಿದರು, ಪೈಪ್ ಬಿಚ್ಚಿ ಊದಿದರು.

ಕೊನೆಗೆ ಬಂದ ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ನೋಡಿ, "ಸಾರ್, ಗಾಳಿ ಹೋಗೋ ತೂತಿಗೇ ಅರಿಶಿನ ಕಲಸಿ ಮೆತ್ತಿದೀರಲ್ಲಾ, ಪೆಟ್ರೋಲ್ ಎಂಗೆ ಹರಿಯುತ್ತೆ?" ಅಂದ. ಒರೆಸಿದ. ಎಂಜಿನ್ ಸಲೀಸಾಗಿ ಓಡಿತು.

ಮಾರಿದವನಿಗೆ ಸಾರಿ ಕೇಳ್ತಾರೇನೋ ಅಂತ ಕಾದೆ. ಭಾವ ಅರಿಶಿನದ ಬಟ್ಟಲು ಹಿಡ್ಕೊಂಡು ಬಂದು, "ಬೀದಿಯವರ ದೃಷ್ಟಿ ತಗುಲಿತ್ತು ಕಣೋ, ಈ ಸಲ ದಪ್ಪಗೆ ಹಚ್ತೀನಿ" ಅಂದರು.

ಭಾನುವಾರ ದೋಣಿ ಹತ್ತೋಕೆ ಬರೋ ಗೆಳೆಯರೇ, ಹುಟ್ಟು ನೀವೇ ತನ್ನಿ.