ಒಂದು ಕುಕ್ಕರಿಗೆ ಹನ್ನೆರಡು ವರ್ಷ

ಬೆಳಗಿನ ಐದೂಕಾಲು. ಶಾಸಕರ ಸಮಿತಿ ಕಚೇರಿಯ ಗೇಟಿಗೆ ಇನ್ನೂ ಬೀಗ. ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಅರವತ್ತಾರರ ಹೆಂಗಸೊಬ್ಬರು ಟಾರ್ಚ್ ಬೆಳಕಿನಲ್ಲಿ ಕಾಗದ ಜೋಡಿಸುತ್ತಿದ್ದಾರೆ. ಸಾರ್ವಜನಿಕರ ಅಹವಾಲಿಗೆ ಇಲ್ಲಿ ಹತ್ತೇ ಟೋಕನ್, ತಲೆಗೆ ಎರಡೇ ನಿಮಿಷ. ನಾಲ್ಕು ವರ್ಷದಲ್ಲಿ ಇವರು ಬರುತ್ತಿರುವುದು ಇದು ಹನ್ನೊಂದನೇ ಸಲ. ಒಮ್ಮೆ ಕೋರಂಗೆ ಬೇಕಾದಷ್ಟು ಸದಸ್ಯರಿರಲಿಲ್ಲ. ಒಮ್ಮೆ ಅಧ್ಯಕ್ಷರಿಗೆ ನೆಗಡಿ. ಇನ್ನೊಮ್ಮೆ ಫೈಲೇ ಬೇರೆ ಇಲಾಖೆಗೆ ಹೋಗಿ ಕೂತಿತ್ತು, ಯಾವ ಪುಣ್ಯಾತ್ಮ ಕಳಿಸಿದನೋ!

"ಜೈಲಲ್ಲಿ ಅಷ್ಟು ವರ್ಷ ಇದ್ರೂ ಬಿ.ಪಿ. ಬಂದಿರ್ಲಿಲ್ಲ. ಈ ಗೇಟು ತರಿಸ್ತು ನೋಡಿ," ಎನ್ನುತ್ತಾರೆ.

ಇವರು ಜೈಲಿನಲ್ಲಿ ಗುಮಾಸ್ತೆಯಾಗಿದ್ದವರು. ಯಾವ ಕೈದಿ ಯಾವತ್ತು ಹೊರಗೆ ಹೋಗಬೇಕೆಂದು ಲೆಕ್ಕ ಹಾಕಿ ರಿಜಿಸ್ಟರಿನಲ್ಲಿ ಬರೆಯುವುದೇ ಮೂವತ್ತೊಂದು ವರ್ಷದ ಕೆಲಸ. ಕೈದಿಗಳು ಇಟ್ಟ ಹೆಸರು ತಾರೀಖಮ್ಮ. ನಾನೂರು ಜನರಿಗೆಂದು ಕಟ್ಟಿದ ಜೈಲಿನಲ್ಲಿ ಈಗ ಸಾವಿರದ ನೂರೈವತ್ತು ಮಂದಿ. ಸರದಿಯ ಮೇಲೆ ಮಲಗುತ್ತಾರೆ. ಸರ್ಕಾರ ಅದರ ಪಕ್ಕದಲ್ಲೇ ಇನ್ನೊಂದು ಜೈಲು ಕಟ್ಟಲು ಹೊರಟಿದೆ. ಒಳಗಿರುವವರಲ್ಲಿ ಯಾರು ಸುಮ್ಮನೆ ಕೊಳೆಯುತ್ತಿದ್ದಾರೆಂದು ಮಾತ್ರ ಯಾರೂ ಕೇಳುವುದಿಲ್ಲ.

ತಾರೀಖಮ್ಮ ಕೇಳುತ್ತಾರೆ. ಮೂರನೇ ಸಲ ಕಳ್ಳತನದಲ್ಲಿ ಸಿಕ್ಕಿಬಿದ್ದರೆ ಕಡ್ಡಾಯವಾಗಿ ಹನ್ನೆರಡು ವರ್ಷ ಎನ್ನುತ್ತದೆ ಕಾನೂನು. ಕದ್ದದ್ದು ಚಿನ್ನವೋ ಚಮಚವೋ, ಇಳಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಆ ಅಧಿಕಾರ ಕೊಡುವ, ಈಗಾಗಲೇ ಒಳಗಿರುವವರಿಗೂ ಅನ್ವಯವಾಗುವ ತಿದ್ದುಪಡಿ ಈ ಸಮಿತಿಯ ಮುಂದೆ ಕೂತಿದೆ. ಏಳುವ ಲಕ್ಷಣ ಕಾಣುತ್ತಿಲ್ಲ.

ಇವರ ಜೊತೆ ಬಂದು ಗೋಡೆಗೆ ಒರಗಿ ಕೂತಿರುವ ಅಜ್ಜಿಯೊಬ್ಬರಿಗೆ ಎಂಬತ್ತೊಂದು. ಮಗ ಮೂರನೇ ಸಲ ಕದ್ದದ್ದು ಒಂದು ಪ್ರೆಶರ್ ಕುಕ್ಕರ್. ಏಳು ವರ್ಷ ಮುಗಿದಿದೆ, ಇನ್ನೂ ಐದು ಬಾಕಿ. ತಿದ್ದುಪಡಿ ಆದರೆ ಮಗ ಈ ವರ್ಷವೇ ಮನೆಗೆ ಬರಬಹುದು. ಆಗದಿದ್ದರೆ ಅಜ್ಜಿ ಅಲ್ಲಿಯವರೆಗೆ ಇರಬೇಕಲ್ಲ!

"ಅಮ್ಮಾ, ಪೆನ್ಷನ್ ತಗೊಂಡು ಆರಾಮಾಗಿ ಇರಬಾರ್ದಾ? ಕಳ್ಳರ ಪರ ವಕಾಲತ್ತು ಅಂತ ಜನ ಆಡ್ಕೋತಾರೆ," ಎಂದು ತಾರೀಖಮ್ಮನ ಮಗಳು ದಿನಾ ಗೊಣಗುತ್ತಾಳೆ.

"ಆಡ್ಕೊಳ್ಳಲಿ ಬಿಡಿ. ಶಿಕ್ಷೆ ಬೇಡ ಅಂದೋರ್ಯಾರು? ಒಂದು ಅಳತೆ ಬೇಡ್ವಾ ಅಂತೀನಿ," ಎನ್ನುತ್ತಾರೆ ತಾರೀಖಮ್ಮ. "ಒಂದ್ಸಲ ನಾನೇ ತಪ್ಪು ಮಾಡಿದ್ದೆ. ಒಳ್ಳೆ ನಡತೆಗೆ ಕೊಡೋ ರಿಯಾಯಿತಿ ದಿನಗಳನ್ನ ಕಳೆಯೋದು ಮರೆತೆ. ಒಬ್ಬ ಹತ್ತೊಂಬತ್ತು ದಿನ ಜಾಸ್ತಿ ಒಳಗಿದ್ದ. ಹೋಗ್ತಾ ನನಗೇ ಕೈ ಮುಗಿದು ಹೋದ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಹತ್ತೊಂಬತ್ತು ದಿನಕ್ಕೆ ನನ್ನ ಹೊಟ್ಟೆ ಇಷ್ಟು ಉರಿಯುತ್ತೆ. ಈ ಸಮಿತಿಯವರಿಗೆ ಐದು ವರ್ಷಕ್ಕೂ ಏನೂ ಅನ್ಸಲ್ವಲ್ರೀ!"

ಹನ್ನೊಂದೂವರೆಗೆ ಒಳಗೆ ಕರೆಯುತ್ತಾರೆ. ತಾರೀಖಮ್ಮ ನಿಂತೇ ಮಾತಾಡುತ್ತಾರೆ. "ಸ್ವಾಮಿ, ಒಬ್ಬನ್ನ ಒಂದು ವರ್ಷ ಒಳಗಿಡೋ ಖರ್ಚಲ್ಲಿ ಒಬ್ಬ ಮೇಷ್ಟ್ರಿಗೆ ವರ್ಷದ ಸಂಬಳ ಕೊಡಬಹುದು. ಈ ಅಜ್ಜಿ ಮಗ ಕದ್ದ ಕುಕ್ಕರ್ ಅವತ್ತೇ ವಾಪಸ್ ಸಿಕ್ತು. ಆ ಮನೆಯವರು ಅದರಲ್ಲೇ ಅಡುಗೆ ಮಾಡ್ಕೊಂಡಿದ್ದಾರೆ. ಕುಕ್ಕರ್ ಕಂಪನಿಯವರೂ ಹನ್ನೆರಡು ವರ್ಷ ಗ್ಯಾರಂಟಿ ಕೊಡಲ್ಲ."

ಸದಸ್ಯರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಧ್ಯಕ್ಷರಂತೂ ಕಣ್ಣೊರೆಸಿಕೊಂಡು, "ಚೆನ್ನಾಗಿ ಹೇಳಿದ್ರಿ ಅಮ್ಮ," ಎಂದು ಮೆಚ್ಚುತ್ತಾರೆ. ಆಮೇಲೆ ತಿದ್ದುಪಡಿಯ ವರದಿಯ ಪ್ರತಿಗಳು ಎಲ್ಲ ಸದಸ್ಯರಿಗೆ ಸಾಲದೆಂದು ವಿಷಯವನ್ನು ಮುಂದಿನ ಅಧಿವೇಶನಕ್ಕೆ ಹಾಕುತ್ತಾರೆ. ಅಂದರೆ ಇನ್ನು ಆರು ತಿಂಗಳು. ಜೆರಾಕ್ಸ್ ಅಂಗಡಿ ಎದುರು ರಸ್ತೆಯಲ್ಲೇ ಇದೆ! ಈ ಜನಕ್ಕೆ ಏನನ್ನಬೇಕೋ ನನಗಂತೂ ತಿಳಿಯುತ್ತಿಲ್ಲ.

ಅಜ್ಜಿ ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತಾರೆ. "ಮುಂದಿನ ಸಲ ನೀನೊಬ್ಬಳೇ ಬಾಮ್ಮ. ನನ್ ಕೈಲಿ ಆಗಲ್ಲ," ಎಂದು ಹೇಳಿ ಆಟೋ ಹತ್ತುತ್ತಾರೆ.

ಆಟೋ ಮರೆಯಾಗುವವರೆಗೂ ತಾರೀಖಮ್ಮ ನೋಡುತ್ತ ನಿಲ್ಲುತ್ತಾರೆ. ಹನ್ನೆರಡನೇ ಸಲವೂ ಬರುತ್ತೀರಾ ಎಂದು ಕೇಳಿದರೆ ರೇಗುತ್ತಾರೆ.

"ಬರದೆ ಇನ್ನೇನ್ರೀ? ಇವರು ಬದಲಾಗ್ತಾರೆ ಅನ್ನೋ ಭ್ರಮೆ ನನಗಿಲ್ಲ. ಹಾರ, ಸನ್ಮಾನ ಏನೂ ಬೇಡ. ಅಜ್ಜಿ ಮಗ ಮನೆಗೆ ಹೋಗಿ ಕದ ತಟ್ಟಿದಾಗ, ಒಳಗಿಂದ 'ಯಾರು?' ಅಂತ ಕೇಳೋಕೆ ಅವನಮ್ಮ ಇರಬೇಕು. ಅಷ್ಟೇ."