ಕಾರ್ಪೆಟ್ ಕೆಳಗೆ ಕಂಡ ರಸ್ತೆ

ಬೈರಾಪಟ್ಟಣದ ಹಂಪ್ ದಾಟುವಾಗ ಹಿಂದೆ ಕುಳಿತಿದ್ದ ಅಮ್ಮ ಕಿರುಚಿಕೊಂಡರು. ಅವರ ಪಾದ ಕಾರಿನ ತಳ ತೂರಿ ಕೆಳಗಿಳಿದಿತ್ತು! ಕಾರು ನಿಲ್ಲಿಸಿ ಕಾರ್ಪೆಟ್ ಎತ್ತಿದರೆ, ತುಕ್ಕು ತಿಂದ ಹಳೆಯ ತಗಡಿನ ಮೇಲೇ ಸದ್ದು ತಡೆಯುವ ಕಪ್ಪು ಶೀಟು ಅಂಟಿಸಿದ್ದರು. ಅಪ್ಪನ ಕಾಲದ ಅಂಬಾಸಿಡರಿಗೆ ಹೊಸ ತಗಡು ಬೆಸೆದಿದ್ದೇನೆಂದು ಎದೆ ತಟ್ಟಿಕೊಂಡಿದ್ದ ರಾಮನಗರದ ಗ್ಯಾರೇಜ್ ಮಾಲೀಕನ ಮುಂದೆಯೇ ಹೋಗಿ ನಿಂತೆವು.

"ಒಸಿನಾದ್ರೂ ಸೌಂಡ್ ಬತ್ತಿತ್ತಾ ಹೇಳಣ್ಣ?" ಎಂದು ನನ್ನನ್ನೇ ಕೇಳಿದ, ನಾಚಿಕೆಗೆಟ್ಟವನು.

ಅಮ್ಮ ತರಚಿದ ಕಾಲು ತೋರಿಸಿ, "ಸೌಂಡ್ ಬರ್ನಿಲ್ಲ ಕಣಪ್ಪ, ರೋಡೇ ಒಳೀಕೆ ಬಂತು" ಎಂದರು.

ಕಾರನ್ನು ಚನ್ನಪಟ್ಟಣದ ಬೇರೆ ಗ್ಯಾರೇಜಿಗೆ ಒಯ್ದು, ಹೊಸ ತಗಡು ಕೂರಿಸುವವರೆಗೂ ಮುಂದೆಯೇ ನಿಂತು ನೋಡಿದೆ. ಶೀಟು ಮಾತ್ರ ಬೇಡವೆಂದೆ. ಈಗ ಕಾರು ಗಡಗಡ ಅನ್ನುತ್ತದೆ, ಅನ್ನಲಿ. ಆ ಮಾಲೀಕನ ನುಣುಪು ಮಾತಿಗಿಂತ ಅದೇ ವಾಸಿ.