ಮಂಗಟ್ಟೆ ಕೂರುತ್ತಿದ್ದ ಕೊಂಬೆ

2019ರ ಬೇಸಿಗೆಯಲ್ಲಿ ನಾನು ಕೊಪ್ಪ ತಾಲ್ಲೂಕಿನ ಕಮ್ಮರಡಿಯಲ್ಲಿ ವನ್ಯಜೀವಿ ಫೋಟೋಗ್ರಫಿ ತಂಡಗಳ ಸ್ಥಳೀಯ ಗೈಡ್ ಆಗಿದ್ದೆ. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಕೊಪ್ಪ–ಶೃಂಗೇರಿ ದಾರಿಯಲ್ಲಿ ಬಾಡಿಗೆ ಜೀಪು ಓಡಿಸಿದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹಕ್ಕಿಗಳ ಇಂಗ್ಲಿಷ್ ಹೆಸರು ಕಲಿತದ್ದು ಐವತ್ತು ದಾಟಿದ ಮೇಲೆ, ಜೀಪಿನ ಹಿಂದಿನ ಸೀಟಿನಲ್ಲಿ ಕೂತವರ ಬಾಯಿಯಿಂದ.

ತಂಡ ಎಂದರೆ ಆರೇ ಜನ. ಜನ ಕಡಿಮೆಯಾದರೆ ಗದ್ದಲ ಕಡಿಮೆ, ಪ್ರಾಣಿಗಳಿಗೆ ತೊಂದರೆ ಕಡಿಮೆ ಎಂದು ಟೂರ್ ನಡೆಸುವವರು ಹೇಳುತ್ತಿದ್ದರು. ನಾಲ್ಕು ದಿನದ ಕಾರ್ಯಕ್ರಮ. ಕಮ್ಮರಡಿ, ಮೇಗುಂದದ ತೋಟದ ಅಂಚಿನ ಹಕ್ಕಿಗಳು, ಶೃಂಗೇರಿ ಕಡೆಯ ಕಾಡಿನ ದಾರಿಯಲ್ಲಿ ಕೆಂದಳಿಲು, ನರಸಿಂಹರಾಜಪುರದಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳ ಮೇಲೆ ಮೊಟ್ಟೆಯಿಡುವ ರಿವರ್ ಟರ್ನ್ ಎಂಬ ನೀರಹಕ್ಕಿಗಳು. ಯಾವ ಹಕ್ಕಿ ಎಷ್ಟು ಹೊತ್ತಿಗೆ ಎಲ್ಲಿ ಕೂರುತ್ತದೆ ಎಂದು ಮೊದಲೇ ನೋಡಿಟ್ಟು, ಬಂದವರನ್ನು ಸರಿಯಾದ ಬೆಳಕಿನಲ್ಲಿ ಅಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ.

ಆ ಕೆಲಸದಲ್ಲಿ ನನಗೊಂದು ಹೆಸರು ಬಂದಿತ್ತು. ಯಾರೋ ಒಬ್ಬರು ತಮಾಷೆಗೆ ‘ಗ್ಯಾರಂಟಿ ವಾಸಣ್ಣ’ ಎಂದು ಕರೆದರು, ಅದು ಅಂಟಿಕೊಂಡಿತು. ವಾಸಣ್ಣ ತೋರಿಸುತ್ತೇನೆ ಎಂದರೆ ತೋರಿಸಿದ ಹಾಗೆ. ಜೀಪು ಓಡಿಸುವಾಗ ಯಾರೂ ನನ್ನ ಮುಖ ನೋಡಿ ಮಾತಾಡಿದವರಲ್ಲ. ಈಗ ದೊಡ್ಡ ದೊಡ್ಡ ಹುದ್ದೆಯವರು ನನ್ನ ಬೆರಳು ತೋರಿದ ಕಡೆಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ಹೆಸರು ನನಗೆ ಸಂಬಳಕ್ಕಿಂತ ಹೆಚ್ಚು ರುಚಿಸಿತು. ಮುಂದೆ ಬರೆಯುವುದೆಲ್ಲ ಆ ರುಚಿಯಿಂದ ಆದದ್ದು.

ಮೇಗುಂದದ ಹತ್ತಿರ ಗಿರಿಜಕ್ಕ ಎಂಬವರ ಜಮೀನಿನಲ್ಲಿ ಒಂದು ಹಳೆಯ ತಾರೆ ಮರವಿತ್ತು. ಅದರ ಪೊಟರೆಯಲ್ಲಿ ಉದ್ದ ಬಾಗಿದ ಕೊಕ್ಕಿನ ಬೂದು ಮಂಗಟ್ಟೆ ವರ್ಷವೂ ಗೂಡು ಮಾಡುತ್ತಿತ್ತು. ಈ ಹಕ್ಕಿಯ ಸಂಸಾರ ವಿಚಿತ್ರ. ಹೆಣ್ಣು ಪೊಟರೆಯೊಳಗೆ ಹೋಗಿ, ಅದರ ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಸುವಷ್ಟು ಸಂದು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಪುಕ್ಕ ಉದುರುತ್ತವೆ, ಹಾರಲಾಗದು. ಮರಿಗಳು ಬಲಿಯುವವರೆಗೆ ಎರಡು ಮೂರು ತಿಂಗಳು ಗಂಡು ತಂದು ಕೊಟ್ಟ ಹಣ್ಣು, ಹುಳುವೇ ಒಳಗಿನವರ ಊಟ. ಗಂಡು ಬಾರದಿದ್ದರೆ ಊಟವಿಲ್ಲ.

ಗಿರಿಜಕ್ಕನಿಗೆ ಆಗ ಎಪ್ಪತ್ತರ ಮೇಲೆ. ಅವರು ಆ ಗೂಡಿಗೆ ಗೂಡು ಎನ್ನುತ್ತಿರಲಿಲ್ಲ, ಬಾಣಂತಿಕೋಣೆ ಎನ್ನುತ್ತಿದ್ದರು. ಹೆಣ್ಣು ಒಳಗೆ ಸೇರಿದ ಮೇಲೆ ಆ ಮರದ ಬುಡದಲ್ಲಿ ಸೊಪ್ಪು ಕಡಿಯಲು, ದನ ಕಟ್ಟಲು ಬಿಡುತ್ತಿರಲಿಲ್ಲ. ತಂಡ ಕರೆತರುತ್ತೇನೆಂದು ಕೇಳಿದಾಗ ಅವರು ಒಪ್ಪಿದ್ದು ನನ್ನ ಮುಖ ನೋಡಿ.

“ಬಾಣಂತಿ ಇರೋ ಜಾಗ ಅದು. ದೂರದಿಂದ ನೋಡ್ಕಂಡು ಹೋಗಿ. ನೀನಿದ್ದೀಯಲ್ಲ, ನಂಗೆ ಚಿಂತೆ ಇಲ್ಲ” ಎಂದಿದ್ದರು.

ಮಾರ್ಚ್ ತಿಂಗಳು. ತಂಡ ಬರುವ ಹಿಂದಿನ ದಿನ ಜಾಗ ನೋಡಲು ಹೋದೆ. ದೂರದಲ್ಲಿ ಹೈಡ್ ಕಟ್ಟಿದ್ದೆ. ಹೈಡ್ ಎಂದರೆ ಹಸಿರು ಬಣ್ಣದ ಬಲೆಬಟ್ಟೆಯ ಮರೆ, ಅದರ ಹಿಂದೆ ಕೂತು ಕ್ಯಾಮೆರಾದ ಮೂತಿ ಮಾತ್ರ ಹೊರಗಿಡುವುದು. ಹೈಡಿನಲ್ಲಿ ಕೂತು ನೋಡಿದರೆ ಪೊಟರೆಯ ಸಂದು ಕಾಣಲಿಲ್ಲ. ಪಕ್ಕದ ಹಲಸಿನ ಮರದ ಒಂದು ಕೊಂಬೆ, ಹೆಬ್ಬೆರಳಿಗಿಂತ ತುಸು ದಪ್ಪದ್ದು, ಎಲೆ ತುಂಬಿಕೊಂಡು ನೇರ ಅಡ್ಡ ಬಂದಿತ್ತು.

ಗೂಡಿನ ಮುಂದಿನ ಎಲೆ ಕಡ್ಡಿ ತೆಗೆದು ಕ್ಯಾಮೆರಾಗೆ ದಾರಿ ಮಾಡುವುದಕ್ಕೆ ಈ ವೃತ್ತಿಯಲ್ಲಿ ‘ಗಾರ್ಡನಿಂಗ್’ ಎಂಬ ಹೆಸರಿದೆ. ಕೇಳಿದರೆ ಹೂಗಿಡ ನೆಟ್ಟ ಹಾಗಿದೆ. ಮಾಡಬಾರದು ಎಂದು ನಾನೇ ಬಂದವರಿಗೆಲ್ಲ ಹೇಳುತ್ತಿದ್ದೆ. ಆದರೆ ಈ ತಂಡದಲ್ಲಿ ಮೈಸೂರಿನ ನಿವೃತ್ತ ಕಣ್ಣಿನ ಡಾಕ್ಟರೊಬ್ಬರು ಇದ್ದರು. ಹಿಂದಿನ ವರ್ಷ ಮಂಗಟ್ಟೆ ಸಿಗದೆ ವಾಪಸು ಹೋದವರು. ಈ ಸಲ ಗ್ಯಾರಂಟಿ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ.

ಗಿರಿಜಕ್ಕನ ಮನೆಗೆ ಹೋಗಿ ದೋಟಿ ಕೇಳಿದೆ. ದೋಟಿ ಎಂದರೆ ತುದಿಗೆ ಕತ್ತಿ ಕಟ್ಟಿದ ಉದ್ದದ ಬಿದಿರಿನ ಕೋಲು. ಉಪ್ಪಿನಕಾಯಿಗೆ ನಾಲ್ಕು ಮಾವಿನ ಮಿಡಿ ಕೊಯ್ದುಕೊಳ್ಳುತ್ತೇನೆ ಎಂದೆ. ಅವರು ಖುಷಿಯಿಂದ ಕೊಟ್ಟರು. ಕೊಂಬೆಯನ್ನು ಮೂರ್ನಾಲ್ಕು ಸಲ ಎಳೆದು ಕತ್ತರಿಸಿದೆ. ಬಿದ್ದ ಕೊಂಬೆಯನ್ನು ಪೊದೆಯಲ್ಲಿ ಅಡಗಿಸಿದೆ. ಆಮೇಲೆ, ಹೇಳಿದ ಮಾತು ಸುಳ್ಳಾಗಬಾರದೆಂದು, ಬೇಲಿಯ ಮಾವಿನ ಮರದಿಂದ ಒಂದಿಷ್ಟು ಮಿಡಿಯನ್ನೂ ಕೊಯ್ದೆ. ಅರ್ಧ ಗಿರಿಜಕ್ಕನಿಗೆ ಕೊಟ್ಟು, ದೋಟಿಯನ್ನು ಕೊಟ್ಟಿಗೆಯ ಮಾಡಿಗೆ ಒರಗಿಸಿ ಬಂದೆ.

ಮರುದಿನ ಬೆಳಗ್ಗೆ ಬೆಳಕು ಬಹಳ ಚೆನ್ನಾಗಿತ್ತು. ಆರೂ ಜನ ಹೈಡಿನ ಹಿಂದೆ ಕೂತರು. ತಂಡದ ಲೀಡರ್ ಸಂದೀಪ್ ಎಂಬ ಯುವಕ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಸ್ವಲ್ಪ ಹೊತ್ತಿನಲ್ಲೇ ಮುದುಕನೊಬ್ಬ ಕೆಮ್ಮಿ ಕೆಮ್ಮಿ ನಕ್ಕಂತಹ ಮಂಗಟ್ಟೆಯ ಕೂಗು ಕೇಳಿತು. ಗಂಡು ಬಂತು. ಕೊಕ್ಕಿನ ತುದಿಯಲ್ಲಿ ಕೆಂಪು ಅತ್ತಿಹಣ್ಣು. ಹಾರಿ ಬಂದದ್ದೇ ಹಲಸಿನ ಕೊಂಬೆ ಇದ್ದ ಜಾಗಕ್ಕೆ ಕಾಲು ಚಾಚಿತು.

ಕೊಂಬೆ ಇರಲಿಲ್ಲ.

ಹಕ್ಕಿ ಗಾಳಿಯಲ್ಲೇ ತಡವರಿಸಿತು. ರೆಕ್ಕೆಯನ್ನು ಪೂರ್ತಿ ಅಗಲಿಸಿ, ಬಾಲ ಬಿಚ್ಚಿ, ಒಂದೆರಡು ಕ್ಷಣ ನಿಂತಲ್ಲೇ ಬಡಿಯಿತು. ನನ್ನ ಪಕ್ಕದಲ್ಲಿ ಆರು ಕ್ಯಾಮೆರಾಗಳು ಒಟ್ಟಿಗೆ ಸದ್ದು ಮಾಡಿದವು. ಅಷ್ಟರಲ್ಲಿ ಅದು ನಮ್ಮತ್ತ ನೋಡಿತು. ಎಲೆಗಳು ಇಲ್ಲದ್ದರಿಂದ ನಮಗೆ ಪೊಟರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೋ ಅದಕ್ಕೆ ನಾವೂ ಅಷ್ಟೇ ಚೆನ್ನಾಗಿ ಕಾಣುತ್ತಿದ್ದೆವು. ತಿರುಗಿ ದೂರದ ಮರಕ್ಕೆ ಹೋಯಿತು. ಹಣ್ಣು ಕೊಕ್ಕಿನಲ್ಲೇ ಇತ್ತು. ಆ ಬೆಳಗ್ಗೆ ಇನ್ನೂ ಎರಡು ಸಲ ಬಂತು, ಎರಡು ಸಲವೂ ಹಾಗೇ ಹಿಂದಿರುಗಿತು. ಪೊಟರೆಯ ಸಂದಿನಿಂದ ಹೆಣ್ಣಿನ ಕೊಕ್ಕಿನ ತುದಿ ಹೊರಬರುತ್ತಿತ್ತು, ಸ್ವಲ್ಪ ಹೊತ್ತು ಕಾದು ಒಳಗೆ ಹೋಗುತ್ತಿತ್ತು.

ತಂಡಕ್ಕೆ ಸಂಭ್ರಮವೋ ಸಂಭ್ರಮ. ಮಂಗಟ್ಟೆ ಹೀಗೆ ಗಾಳಿಯಲ್ಲಿ ನಿಂತ ಚಿತ್ರ ಯಾರಿಗೂ ಸಿಕ್ಕಿರಲಿಲ್ಲ. ಡಾಕ್ಟರ್ ಮೇಡಂ ಕ್ಯಾಮೆರಾದ ಪರದೆಯನ್ನು ನನಗೆ ತೋರಿಸಿದರು. ಬಿಚ್ಚಿದ ಕಪ್ಪು ರೆಕ್ಕೆ, ತುದಿಯ ಬಿಳಿ, ಕೆಂಪು ಹಣ್ಣು, ಹಕ್ಕಿಯ ಕಣ್ಣು. ನಿಜಕ್ಕೂ ಒಳ್ಳೆಯ ಚಿತ್ರ. ಮೂಲೆಯಲ್ಲಿ ಒಂದು ಸಣ್ಣ ಬಿಳಿ ಗುರುತಿತ್ತು.

“ಇದೇನು ವಾಸಣ್ಣ, ಬೆಳ್ಳಗೆ?”

“ಕಡ್ಡಿ ಇರಬೇಕು ಮೇಡಂ. ಅದನ್ನ ಕ್ರಾಪ್ ಮಾಡಿಬಿಡಿ” ಎಂದೆ.

ಮಧ್ಯಾಹ್ನ ಎಲ್ಲರೂ ನರಸಿಂಹರಾಜಪುರಕ್ಕೆ ಹೊರಟೆವು. ಹಿನ್ನೀರಿನಲ್ಲಿ ದೋಣಿ ಹತ್ತಿದೆವು. ರಿವರ್ ಟರ್ನ್‌ಗಳು ಮೀನು ಹಿಡಿದು ತಂದು ಒಂದಕ್ಕೊಂದು ಕೊಡುತ್ತಿದ್ದವು. ನನಗೆ ಅದನ್ನು ನೋಡಲಾಗಲಿಲ್ಲ. ಸಂದೀಪನ ಕಿವಿಯಲ್ಲಿ, ನಾಳೆ ಮಂಗಟ್ಟೆ ಬೇಡ, ಶೃಂಗೇರಿ ಕಡೆ ಹೋಗೋಣ ಎಂದೆ. ಇಬ್ಬರಿಗೆ ಫೋಕಸ್ ತಪ್ಪಿದೆ, ನಾಳೆ ಅಲ್ಲಿಗೇ ಹೋಗಬೇಕು ಎಂದ. ಯಾಕೆ ಬೇಡ ಎಂದು ಕೇಳಿದ. ಹೇಳಲು ಅದೇ ಸಮಯ. ಹೇಳಿದರೆ ಗ್ಯಾರಂಟಿ ವಾಸಣ್ಣ ಅಲ್ಲೇ ಮುಗಿಯುತ್ತಿದ್ದ. ಸುಮ್ಮನೆ ಕೇಳಿದೆ ಅಷ್ಟೆ ಎಂದುಬಿಟ್ಟೆ.

ಎರಡನೆಯ ದಿನ ಗಂಡು ಮರದ ಹತ್ತಿರವೇ ಬರಲಿಲ್ಲ. ದೂರದಲ್ಲಿ ಕೂತು ಕೂಗಿತು. ಕೂಗಿಗೆ ಒಳಗಿನಿಂದ ಕೊಕ್ಕು ಹೊರಬಂತು. ತಂಡದವರು ಕಾದರು. ನಾನು ಗಡಿಯಾರ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಆಗ ಗಿರಿಜಕ್ಕ ಎಲ್ಲರಿಗೂ ಮಜ್ಜಿಗೆ ತಂದರು. ಚೊಂಬು ಕೆಳಗಿಟ್ಟು ಅಭ್ಯಾಸಬಲದಿಂದ ಪೊಟರೆಯತ್ತ ಕತ್ತೆತ್ತಿದರು.

“ಇಲ್ಲೊಂದು ಕೊಂಬೆ ಇತ್ತಲ್ದ?”

“ಮಂಗ ಮುರಿದಿರಬೇಕು ಗಿರಿಜಕ್ಕ.”

ಅವರು ನನ್ನ ಹತ್ತಿರ ಬಂದರು. ದನಿ ಏರಿಸಲಿಲ್ಲ.

“ನಿನ್ನೆಯಿಂದ ಯೋಚನೆ ಮಾಡ್ತಿದ್ದೆ ಮಾರಾಯ. ಮಾವಿನ ಮಿಡಿ ಕೊಯ್ದ ದೋಟಿಗೆ ಹಲಸಿನ ಮೇಣ ಹೆಂಗೆ ಅಂಟ್ತು ಅಂತ.”

ಹಲಸಿನ ಮೇಣ ಒಮ್ಮೆ ಕತ್ತಿಗೆ ಹಿಡಿದರೆ ಎಣ್ಣೆ ಹಚ್ಚದೆ ಬಿಡುವುದಿಲ್ಲ. ನಾನು ಮಲೆನಾಡಿನಲ್ಲೇ ಹುಟ್ಟಿದವನು. ಅದನ್ನು ಒರೆಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗಿರಿಜಕ್ಕ ನನ್ನ ಮುಖವನ್ನೊಮ್ಮೆ ನೋಡಿ, ತಂಡದವರ ಕಡೆ ತಿರುಗಿದರು. ಇವತ್ತು ಹಕ್ಕಿ ಬರುವುದಿಲ್ಲ, ಮನೆಯಲ್ಲಿ ಕಡುಬು ಬೆಂದಿದೆ, ಬಿಸಿ ಇರುವಾಗಲೇ ತಿನ್ನಬೇಕು, ಏಳಿ ಎಂದು ನಗುನಗುತ್ತ ಎಬ್ಬಿಸಿದರು. ಡಾಕ್ಟರ್ ಮೇಡಂ ಕೈ ಹಿಡಿದುಕೊಂಡೇ ಹೊರಟರು. ಆರು ಜನರ ಮುಂದೆ ನನ್ನ ಮಾನ ತೆಗೆಯಬಹುದಿತ್ತು, ತೆಗೆಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಹಿಂದೆ ಉಳಿದ ನಾನು ಮೊದಲು ಹೈಡ್ ಬಿಚ್ಚಿದೆ. ಪೊದೆಯಿಂದ ಕೊಂಬೆ ಹೊರಗೆಳೆದೆ. ಎರಡು ದಿನದಲ್ಲೇ ಎಲೆ ಜೋಲುಬಿದ್ದಿತ್ತು. ಗಿರಿಜಕ್ಕನ ಮಗ ಮನೆಯಿಂದ ಏಣಿ ತಂದು ಹಿಡಿದ, ನಾನು ಹತ್ತಿ ಅದನ್ನು ಇದ್ದಲ್ಲೇ ಹಗ್ಗದಿಂದ ಬಿಗಿದೆ. ಕೆಳಗಿನಿಂದ ಅವನು, “ಬ್ಯಾಂಡೇಜ್ ಲಾಯ್ಕ ಆಯ್ತು ವಾಸಣ್ಣ” ಎಂದ. ತಂಡವನ್ನು ಮತ್ತೆ ಅಲ್ಲಿಗೆ ಕರೆದೊಯ್ಯಲಿಲ್ಲ. ಉಳಿದ ದಿನ ಶೃಂಗೇರಿ ಕಡೆ ಕಳೆಯಿತು. ಹೆಚ್ಚಿನವರಿಗೆ ಬೇಕಾದದ್ದು ಸಿಕ್ಕಿತ್ತು, ಹಕ್ಕಿ ಬಾರದ್ದನ್ನು ಉಳಿದವರೂ ಕಂಡಿದ್ದರು, ಯಾರೂ ಏನೂ ಕೇಳಲಿಲ್ಲ.

ತಂಡ ಊರಿಗೆ ಹೋದ ಮೇಲೆ ನಾನು ದಿನಾ ಬೆಳಗ್ಗೆ ಗಿರಿಜಕ್ಕನ ಜಗಲಿಯ ಮೂಲೆಯಲ್ಲಿ ಕೂರುತ್ತಿದ್ದೆ. ಅಲ್ಲಿಂದ ಮರದ ತಲೆ ಮಾತ್ರ ಕಾಣುತ್ತದೆ. ಅವರು ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ಗಂಡು ಸುತ್ತಮುತ್ತ ಹಾರಾಡುತ್ತಿತ್ತು, ಇಳಿಯುತ್ತಿರಲಿಲ್ಲ. ಒಳಗೆ ಎಷ್ಟು ಮರಿಗಳಿವೆಯೋ, ಏನು ತಿನ್ನುತ್ತಿವೆಯೋ, ಗೋಡೆಯ ಆಚೆ ಏನಾಗುತ್ತಿದೆಯೋ ತಿಳಿಯುವ ಉಪಾಯವಿಲ್ಲ. ಒಂದು ಬೆಳಗ್ಗೆ ಗಿರಿಜಕ್ಕ ಒಳಗಿನಿಂದಲೇ, “ಇಳೀತು ನೋಡು” ಎಂದರು. ಗಂಡು ಒಣಗಿದ ಆ ಕೊಂಬೆಯ ಮೇಲೆ ಕೂರಲಿಲ್ಲ. ಪೊಟರೆಯ ಕೆಳಗೆ ತೊಗಟೆಗೇ ಉಗುರು ಕಚ್ಚಿ ನಿಂತು, ಸಂದಿನೊಳಗೆ ಹಣ್ಣು ಕೊಟ್ಟಿತು.

ಮಳೆ ಹಿಡಿಯುವ ಮೊದಲು ತಾಯಿಯ ಜೊತೆ ಒಂದೇ ಮರಿ ಹೊರಗೆ ಬಂತು. ಹಿಂದಿನ ವರ್ಷಗಳಲ್ಲಿ ಎರಡು, ಒಮ್ಮೆ ಮೂರು ಬಂದದ್ದನ್ನು ಗಿರಿಜಕ್ಕ ಕಂಡಿದ್ದರು. ಕೆಲವು ವರ್ಷ ಒಂದೇ ಬಂದದ್ದೂ ಇದೆ ಎಂದು ಅವರೇ ಹೇಳಿದರು. ನನ್ನ ಸಮಾಧಾನಕ್ಕೆ ಹೇಳಿದರೋ, ಇದ್ದದ್ದೇ ಹಾಗೋ, ನಾನು ಕೇಳಲಿಲ್ಲ. ಮುಂದಿನ ವರ್ಷ ಜೋಡಿ ಬಂದು ಪೊಟರೆ ಇಣುಕಿ ನೋಡಿ ಹೊರಟುಹೋಯಿತು.

ಚಿತ್ರ ತೆಗೆದ ವರ್ಷದ ಕೊನೆಯಲ್ಲೇ ಡಾಕ್ಟರ್ ಮೇಡಂ ಫೋನ್ ಮಾಡಿದ್ದರು. ಅವರ ಚಿತ್ರವನ್ನು ಒಂದು ಪ್ರದರ್ಶನಕ್ಕೆ ಕೇಳಿದ್ದರಂತೆ, ಕೆಳಗೆ ಎರಡು ಸಾಲು ಬರೆಯಬೇಕಂತೆ.

“ಗೂಡಿನ ಸಂಸಾರಕ್ಕೆ ಹಣ್ಣು ತಂದ ತಂದೆ ಅಂತ ಬರೀತೀನಿ. ಸರಿ ತಾನೆ ವಾಸಣ್ಣ? ಆ ಕ್ಷಣದಲ್ಲಿ ಅದು ಮಾಡ್ತಾ ಇದ್ದಿದ್ದು ಅದೇ ಅಲ್ವ?”

ಹೌದು ಎಂದರೆ ಮುಗಿಯುತ್ತಿತ್ತು. ಮೈಸೂರಿನಲ್ಲಿ ಗೋಡೆಯ ಮೇಲೆ ತೂಗುವ ಚಿತ್ರಕ್ಕೆ ಮೇಗುಂದದ ದೋಟಿಯ ಸಂಗತಿ ಯಾರು ಹೇಳುತ್ತಾರೆ? ಆದರೆ ನೂರಾರು ಜನ ನಿಂತು ಓದುವ ಸುಳ್ಳು ಅದು, ಮತ್ತು ಅದು ನನ್ನದು.

“ಅಲ್ಲ ಮೇಡಂ. ಅದು ಕೂರಲಿಕ್ಕೆ ಕೊಂಬೆ ಹುಡುಕ್ತಿತ್ತು. ಕೊಂಬೆ ಕಡಿದದ್ದು ನಾನು. ಆ ಹಣ್ಣು ಒಳಗೆ ಮುಟ್ಟಲಿಲ್ಲ” ಎಂದೆ.

“ಮೂಲೆಯ ಬಿಳಿ ಗುರುತು ಅದೇನಾ?” ಎಂದು ಕೇಳಿದರು. ಹೌದು, ಕಡಿದ ಕೊಂಬೆಯ ಮೋಟು ಎಂದೆ. ಚಿತ್ರವನ್ನು ಅವರು ಪ್ರದರ್ಶನಕ್ಕೆ ಕೊಡಲಿಲ್ಲ. ಕೆಲವು ವಾರಗಳ ನಂತರ ಅಂಚೆಯಲ್ಲಿ ನನಗೊಂದು ದೊಡ್ಡ ಪ್ರಿಂಟ್ ಬಂತು. ಕ್ರಾಪ್ ಮಾಡಿರಲಿಲ್ಲ. ಸಂದೀಪನಿಗೂ ನಾನೇ ಫೋನ್ ಮಾಡಿ ಎಲ್ಲ ತಿಳಿಸಿದೆ. ಟೂರಿನವರು ಆಮೇಲೆ ನನ್ನನ್ನು ಕರೆಯಲಿಲ್ಲ. ಅದು ಸರಿಯೇ.

ಒಂದು ಮಾತು ಮಾತ್ರ ಡಾಕ್ಟರಿಗೂ ಗಿರಿಜಕ್ಕನಿಗೂ ಹೇಳಿರಲಿಲ್ಲ. ಹಕ್ಕಿ ಅಲ್ಲಿ ಕೂರುತ್ತದೆಂದು ತಿಳಿಯದೆ ಕಡಿದೆ ಎಂದೇ ಅವರಿಬ್ಬರೂ ನಂಬಿದ್ದಾರೆ. ತಿಳಿಯದೆ ಅಲ್ಲ. ಹಿಂದಿನ ದಿನ ಹೈಡಿನಲ್ಲಿ ಕೂತಿದ್ದಾಗಲೇ ಗಂಡು ಬಂದು ಆ ಕೊಂಬೆಯ ಮೇಲೆ ಕೂತು, ಎಲೆ ಮರೆಯಿಂದ ಅತ್ತಿತ್ತ ನೋಡಿ, ಆಮೇಲೆ ಗೂಡಿಗೆ ಹೋದದ್ದನ್ನು ಎರಡು ಸಲ ಕಂಡಿದ್ದೆ. ಕಾಡಿನಲ್ಲಿ ಕೊಂಬೆಗೇನು ಬರ, ಇನ್ನೊಂದು ಹುಡುಕಿಕೊಳ್ಳುತ್ತದೆ ಎಂದುಕೊಂಡು ದೋಟಿ ತರಲು ಎದ್ದೆ. ಈಗ ಇಲ್ಲಿ ಬರೆದಿದ್ದೇನೆ.

ಗೈಡ್ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಮ್ಮ ಕಣ್ಣಿಗೆ ಅಡ್ಡ ಬಂದದ್ದೆಲ್ಲ ಇನ್ನೊಂದು ಜೀವಕ್ಕೆ ಮರೆಯಾಗಿರಬಹುದು. ಇವತ್ತು ಕಾಣುವುದಿಲ್ಲ, ವಾಪಸು ಹೋಗೋಣ ಎಂದು ಹೇಳಲು ಬಾರದವನು ಗೈಡ್ ಅಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದ ನಮ್ಮೂರಿನವರು ಮನೆಗೆ ಬಂದರೆ ಆ ಪ್ರಿಂಟ್ ತೋರಿಸುತ್ತೇನೆ. ಮೊದಲು ಎಲ್ಲರೂ ಹಕ್ಕಿಯನ್ನೇ ನೋಡುತ್ತಾರೆ. ಮೂಲೆ ನೋಡಿ ಎನ್ನುತ್ತೇನೆ.

ಮಿಡಿಯ ಕಾಲದಲ್ಲಿ ಈಗಲೂ ಗಿರಿಜಕ್ಕನ ಮನೆಗೆ ಹೋಗುತ್ತೇನೆ. ದೋಟಿ ಕೇಳಿದರೆ ಇಲ್ಲವೆನ್ನುವುದಿಲ್ಲ. ಕಣ್ಣು ಮಂದವಾಗಿದೆ ಅವರಿಗೆ. ವಾಪಸು ತಂದು ಕೊಟ್ಟಾಗ ಕತ್ತಿಯ ಮೇಲೆ ಬೆರಳಿನಿಂದ ಮೆಲ್ಲಗೆ ಒಮ್ಮೆ ಸವರಿ ನೋಡುತ್ತಾರೆ. ಅವರು ಸವರಿ ಮುಗಿಸುವವರೆಗೆ ನಾನು ನಿಂತಿರುತ್ತೇನೆ.